ತಡೆ ದೇಹದಲ್ಲಿದೆಯೋ, ಮೆಟ್ಟಿಲಲ್ಲಿದೆಯೋ?

ಫಜ್ರ್ ನಮಾಝಿನ ಅಝಾನ್ ಕೊಡುವವನಿಗೆ ಮುಖ್ಯವಾಗಿ ಬೇಕಾದುದು ಕಣ್ಣು. ಪೂರ್ವದಿಗಂತದಲ್ಲಿ ಬೆಳಕಿನ ಗೆರೆ ಹರಡಿತೇ ಇಲ್ಲವೇ ಎಂದು ನೋಡಿ ತಿಳಿಯುವ ಕೆಲಸವದು. ಗಡಿಯಾರವಿಲ್ಲದ ಕಾಲದಲ್ಲಿ ಅದಕ್ಕೆ ಬೇರೆ ದಾರಿಯೂ ಇರಲಿಲ್ಲ. ಹೀಗಿದ್ದೂ ಮದೀನಾದ ಪ್ರವಾದಿ(ಸ)ಯವರ ಮಸೀದಿಯಲ್ಲಿ ಆ ಹೊತ್ತಿನ ಅಝಾನ್ ಕೊಡುತ್ತಿದ್ದವರು ಅಬ್ದುಲ್ಲಾ ಇಬ್ನ್ ಉಮ್ಮು ಮಕ್ತೂಮ್(ರ). ಅವರು ಅಂಧರು. ಬಿಲಾಲ್(ರ) ಇನ್ನೂ ಕತ್ತಲಿರುವಾಗ ಒಂದು ಅಝಾನ್ ಕೊಡುತ್ತಿದ್ದರು. ಆದರೆ ಉಪವಾಸಿಗರು ಸಹರಿಯ ಊಟ ನಿಲ್ಲಿಸಬೇಕಾದುದು ಇಬ್ನ್ ಉಮ್ಮು ಮಕ್ತೂಮರ ಅಝಾನ್ ಕೇಳಿದಾಗ. ಬೆಳಗಾಯಿತೆಂದು ಜನರು ಬಂದು ತಿಳಿಸುವ ತನಕ ಅವರು ಅಝಾನ್ ಕೊಡುತ್ತಿರಲಿಲ್ಲವೆಂದು ಸಹೀಹ್ ಬುಖಾರಿಯ ವರದಿಯಲ್ಲಿದೆ.

ಪ್ರಿಯ ಓದುಗರೇ, ಈ ಹದೀಸನ್ನು ನಾವು ಸಾಮಾನ್ಯವಾಗಿ ಸಹರಿಯ ಮಸಅಲೆ ತಿಳಿಯಲು ಓದಿ ಮುಂದೆ ಹೋಗುತ್ತೇವೆ. ಸ್ವಲ್ಪ ನಿಂತು ಯೋಚಿಸಿ. ನೋಡಿ ಮಾಡಬೇಕಾದ ಕೆಲಸವನ್ನು ನೋಡಲಾಗದವರಿಗೆ ಒಪ್ಪಿಸಲಾಗಿತ್ತು. ಅವರ ಕಣ್ಣು ಕೊನೆಯವರೆಗೂ ಗುಣವಾಗಲಿಲ್ಲ. ಬದಲಾದದ್ದು ಅವರ ಸುತ್ತಲಿನ ವ್ಯವಸ್ಥೆ. ನೋಟವನ್ನು ನೆರೆಹೊರೆಯವರು ಒದಗಿಸಿದರು, ಧ್ವನಿಯನ್ನು ಅವರು ಕೊಟ್ಟರು. ಊರಿಡೀ ಆ ಧ್ವನಿಯನ್ನು ನಂಬಿ ಊಟ ನಿಲ್ಲಿಸುತ್ತಿತ್ತು. ಪ್ರವಾದಿ(ಸ) ಯಾತ್ರೆಗೆ, ಯುದ್ಧಕ್ಕೆ ಹೊರಟಾಗ ಮದೀನಾದ ಹೊಣೆಯನ್ನು ಹಲವು ಬಾರಿ ಇವರಿಗೇ ಬಿಟ್ಟುಹೋಗಿದ್ದರೆಂದೂ ಚರಿತ್ರೆಯಲ್ಲಿ ಕಾಣುತ್ತೇವೆ.

ಇತ್ತೀಚಿನ ದಶಕಗಳಲ್ಲಿ ಅಂಗವೈಕಲ್ಯದ ಬಗ್ಗೆ ಚಿಂತಿಸುವವರು ಒಂದು ಮುಖ್ಯ ಭೇದವನ್ನು ತೋರಿಸಿಕೊಟ್ಟಿದ್ದಾರೆ. ಇಂಗ್ಲೆಂಡಿನಲ್ಲಿ 1976ರಲ್ಲಿ ಅಂಗವಿಕಲರದೇ ಆದ ಒಂದು ಸಂಘಟನೆ ಅದನ್ನು ಬರಹಕ್ಕಿಳಿಸಿತು. ಪಾಲ್ ಹಂಟ್, ದಕ್ಷಿಣ ಆಫ್ರಿಕದ ವರ್ಣಭೇದ ಸರಕಾರದಿಂದ ದೇಶಭ್ರಷ್ಟರಾಗಿ ಬಂದಿದ್ದ ವಿಕ್ ಫಿಂಕೆಲ್‌ಸ್ಟೈನ್ ಮೊದಲಾದವರು ಅದರಲ್ಲಿದ್ದರು. 1983ರಲ್ಲಿ ಮೈಕ್ ಆಲಿವರ್ ಎಂಬ ಪ್ರಾಧ್ಯಾಪಕರು ಆ ವಿಚಾರಕ್ಕೆ 'ಸಾಮಾಜಿಕ ಮಾದರಿ' ಎಂದು ಹೆಸರು ಕೊಟ್ಟರು. ಹುಡುಗನಾಗಿದ್ದಾಗ ಈಜುಕೊಳದಲ್ಲಿ ಧುಮುಕಿ ಕತ್ತಿಗೆ ಪೆಟ್ಟಾಗಿ ಗಾಲಿಕುರ್ಚಿ ಹಿಡಿದವರು ಅವರು. ವಿಚಾರ ಸರಳವಾಗಿದೆ. ಕಾಲು ನಡೆಯದಿರುವುದು ಒಂದು ವಿಷಯ, ಅದು ದೇಹದ ಕೊರತೆ. ಕಾಲು ನಡೆಯದವನು ಕಚೇರಿಯೊಳಗೆ ಹೋಗಲಾಗದಿರುವುದು ಇನ್ನೊಂದು ವಿಷಯ, ಅದು ಮೆಟ್ಟಿಲು ಕಟ್ಟಿದವರು ಹಾಕಿದ ತಡೆ. ಮೊದಲನೆಯದನ್ನು ತೋರಿಸಿ ಎರಡನೆಯದನ್ನು ಸಮರ್ಥಿಸಬಾರದು ಎಂಬುದೇ ಅವರ ವಾದದ ಸಾರ.

ಈ ಭೇದ ನಮಗೆ ಏಕೆ ಮುಖ್ಯ? ನಮ್ಮ ಮನೆಗಳಲ್ಲಿ ಇವೆರಡೂ ಒಂದೇ ಮಾತಿನಲ್ಲಿ ಬೆರೆತುಹೋಗಿವೆ. ಕಡೂರಿನಲ್ಲಾಗಲಿ, ತರೀಕೆರೆಯಲ್ಲಾಗಲಿ, ಅಜ್ಜಂಪುರದಲ್ಲಾಗಲಿ ಕಿವಿ ಕೇಳದ ಹೆಣ್ಣುಮಗಳೊಬ್ಬಳು ಏಕೆ ಶಾಲೆಗೆ ಹೋಗುವುದಿಲ್ಲವೆಂದು ಕೇಳಿ ನೋಡಿ. 'ಅಲ್ಲಾಹ್ ಕೀ ಮರ್ಜಿ' ಎಂಬ ಉತ್ತರ ಬರುತ್ತದೆ. ಆಕೆಗೆ ಕಿವಿ ಕೇಳದಿರುವುದು ಅಲ್ಲಾಹನ ವಿಧಿಯೆಂದು ನಾವು ನಂಬುತ್ತೇವೆ. ಆದರೆ ಆಕೆಯನ್ನು ಶಾಲೆಗೆ ಸೇರಿಸದಿರುವುದು ಯಾರ ತೀರ್ಮಾನ? ತಂದೆಯದು, ಚಾಚಾನದು, 'ಇವಳಿಗೇಕೆ ಓದು' ಎಂದ ನೆರೆಯವರದು. ನಮ್ಮ ತೀರ್ಮಾನಕ್ಕೆ ತಕ್ದೀರ್ ಎಂದು ಹೆಸರಿಟ್ಟರೆ ಅದು ಈಮಾನ್ ಆಗುವುದಿಲ್ಲ. ನಾವು ಮಾಡಿದ್ದನ್ನು ಅಲ್ಲಾಹನ ಮೇಲೆ ಹೊರಿಸಿದ ಹಾಗಾಗುತ್ತದೆ. ಇದು ಸಣ್ಣ ವಿಷಯವಲ್ಲ.

ಸಬ್ರ್‌ನ ವಿಷಯವೂ ಹೀಗೆಯೇ. ಎರಡು ಕಣ್ಣು ಕಳೆದುಕೊಂಡು ತಾಳ್ಮೆಯಿಂದಿದ್ದವರಿಗೆ ಸ್ವರ್ಗದ ವಾಗ್ದಾನವಿರುವ ಹದೀಸ್ ಇದೆ. ಕಳೆದುಕೊಂಡವರಿಗೆ ಅದೊಂದು ದೊಡ್ಡ ಸಾಂತ್ವನ. ಅದರ ಪ್ರತಿಫಲ ತಾಳಿಕೊಂಡವರದು. ನೋಡುತ್ತಾ ನಿಂತವರಿಗೆ ಅದರಲ್ಲಿ ಪಾಲಿಲ್ಲ. ಆದರೆ ಕಣ್ಣಿದ್ದವರೇ ಆ ಹದೀಸನ್ನು ಹೇಳಿ ಕೈತೊಳೆದುಕೊಳ್ಳುವುದನ್ನು ಎಷ್ಟು ಬಾರಿ ಕೇಳಿಲ್ಲ!

ಇನ್ನೊಬ್ಬ ಸಹಾಬಿಯ ಘಟನೆಯನ್ನು ನೋಡೋಣ. ಇತ್ಬಾನ್ ಇಬ್ನ್ ಮಾಲಿಕ್(ರ) ಮದೀನಾದ ಅನ್ಸಾರರಲ್ಲೊಬ್ಬರು. ಬದ್ರ್‌ನಲ್ಲಿ ಭಾಗವಹಿಸಿದವರು, ತಮ್ಮ ಜನಾಂಗಕ್ಕೆ ನಮಾಝಿನ ಇಮಾಮರಾಗಿದ್ದವರು. ಒಮ್ಮೆ ಅವರು ಪ್ರವಾದಿ(ಸ)ಯವರ ಬಳಿ ಬಂದು ತಮ್ಮ ಕಷ್ಟ ಹೇಳಿಕೊಂಡರು: ದೃಷ್ಟಿ ಕುಂದಿದೆ, ಮಳೆ ಬಂದರೆ ತಮಗೂ ತಮ್ಮ ಜನರಿಗೂ ನಡುವಿನ ಹಳ್ಳ ತುಂಬಿ ಹರಿಯುತ್ತದೆ, ಆಗ ಮಸೀದಿಗೆ ಹೋಗಲಾಗುವುದಿಲ್ಲ. ಪ್ರವಾದಿ(ಸ) ತಮ್ಮ ಮನೆಗೆ ಬಂದು ಒಂದು ಕಡೆ ನಮಾಝ್ ಮಾಡಬೇಕು, ಆ ಜಾಗವನ್ನೇ ತಾವು ನಮಾಝಿಗೆ ಇಟ್ಟುಕೊಳ್ಳುವುದಾಗಿ ಕೋರಿದರು. ಮರುದಿನ ಬಿಸಿಲೇರಿದ ಮೇಲೆ ಪ್ರವಾದಿ(ಸ) ಅಬೂಬಕರ್(ರ)ರನ್ನು ಜೊತೆಗೆ ಕರೆದುಕೊಂಡು ಬಂದರು. ಕುಳಿತುಕೊಳ್ಳುವ ಮೊದಲೇ, ಮನೆಯ ಯಾವ ಭಾಗದಲ್ಲಿ ನಮಾಝ್ ಮಾಡಬೇಕೆಂದು ಕೇಳಿದರು. ಇತ್ಬಾನ್(ರ) ತೋರಿಸಿದ ಕಡೆ ನಿಂತು ಎರಡು ರಕಅತ್ ಮಾಡಿದರು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಇತ್ಬಾನ್(ರ) ಕಣ್ಣನ್ನು ಮಾತ್ರ ಹೇಳಲಿಲ್ಲ, ಹಳ್ಳವನ್ನೂ ಹೇಳಿದರು. ದೃಷ್ಟಿ ಮಂಜಾಗಿದ್ದರೂ ಹಳ್ಳ ಒಣಗಿರುವಾಗ ಅವರು ಹೋಗುತ್ತಿದ್ದರು, ಇಮಾಮತ್ ಮಾಡುತ್ತಿದ್ದರು. ಅವರನ್ನು ಮನೆಯಲ್ಲಿ ಕೂರಿಸುತ್ತಿದ್ದುದು ಕಣ್ಣು ಮತ್ತು ನೀರು ಎರಡೂ ಸೇರಿ. ತರೀಕೆರೆಯ ಮಲೆನಾಡ ಸೆರಗಿನ ಹಳ್ಳಿಗಳಲ್ಲಿ ಆಷಾಢದ ಮಳೆ ಕಂಡವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಳ್ಳ ದಾಟಿಸಲಾಗದಿದ್ದಾಗ ಪ್ರವಾದಿ(ಸ) ತಾವೇ ಹಳ್ಳದ ಈಚೆಗೆ ಬಂದರು. ಎಲ್ಲಿ ನಿಲ್ಲಬೇಕೆಂಬುದನ್ನೂ ಅವರಿಂದಲೇ ಕೇಳಿ ತಿಳಿದರು. ಅಂಗವಿಕಲರಿಗೆ ಏನು ಬೇಕೆಂದು ಅವರನ್ನು ಬಿಟ್ಟು ಉಳಿದವರೆಲ್ಲ ಕೂತು ನಿರ್ಧರಿಸುವ ನಮ್ಮ ಸಭೆಗಳಿಗೆ ಇದರಲ್ಲಿ ಪಾಠವಿದೆ.

ಈಗ ನಮ್ಮ ಊರುಗಳಿಗೆ ಬರೋಣ. ಕಡೂರಿನ ಕಡೆ ತೆಂಗು, ತರೀಕೆರೆಯ ಕಡೆ ಅಡಿಕೆ. ಕೊನೆ ಕೊಯ್ಯಲು ಮರವೇರಿ ಜಾರಿ ಬಿದ್ದು ಬೆನ್ನುಮೂಳೆ ಮುರಿದುಕೊಂಡ ಒಬ್ಬ ಕೂಲಿಯವನನ್ನು ಭಾವಿಸಿ. ಸೊಂಟದ ಕೆಳಗೆ ಸ್ವಾಧೀನವಿಲ್ಲ. ಕೈಗಳಲ್ಲಿ ಮೊದಲಿನ ಬಲವೇ ಇದೆ, ಬುದ್ಧಿಯಲ್ಲಿ ಕುಂದಿಲ್ಲ. ಅಡಿಕೆ ಸುಲಿಯಬಲ್ಲ, ಅಂಗಡಿಯ ಲೆಕ್ಕ ಬರೆಯಬಲ್ಲ, ಮೊಬೈಲ್ ರಿಪೇರಿ ಕಲಿಯಬಲ್ಲ. ಮನೆಯ ಹೊಸ್ತಿಲು ಒಂದಡಿ ಎತ್ತರ. ಪಾಯಖಾನೆ ಹಿತ್ತಲಲ್ಲಿ, ಅದರ ಬಾಗಿಲು ಗಾಲಿಕುರ್ಚಿಗಿಂತ ಕಿರಿದು. ಬಸ್ಸಿಗೆ ರಿಯಾಯಿತಿ ಪಾಸು ಕಿಸೆಯಲ್ಲಿದೆ, ಬಸ್ಸಿನ ಮೊದಲ ಮೆಟ್ಟಿಲು ಅವನ ಎದೆಯ ಮಟ್ಟದಲ್ಲಿದೆ. ಪಿಂಚಣಿ ಕೇಳಬೇಕಾದ ಕಚೇರಿ ಮಾಳಿಗೆಯ ಮೇಲಿದ್ದರೆ ಅಲ್ಲಿಗೆ ಮುಗಿಯಿತು. ಅಜ್ಜಂಪುರದವರು ತಾಲೂಕು ಕೆಲಸಕ್ಕೆಲ್ಲ ತರೀಕೆರೆಗೆ ಹೋಗಬೇಕಾಗಿದ್ದ ಕಾಲವಿತ್ತು. ಈಗ ಅಜ್ಜಂಪುರವೇ ತಾಲೂಕಾಗಿದೆ, ದೂರ ಕಡಿಮೆಯಾಗಿದೆ. ಆದರೆ ಇವನ ಪಾಲಿಗೆ ದೂರವನ್ನು ಅಳೆಯಬೇಕಾದುದು ಮೆಟ್ಟಿಲುಗಳಲ್ಲಿ.

ಅವನಿಗೆ ಪ್ರಮಾಣಪತ್ರ ಬೇಕು. ವೈದ್ಯರು ಪರೀಕ್ಷಿಸಿ ಅವನ ವೈಕಲ್ಯ ಶೇಕಡಾ ಎಷ್ಟೆಂದು ಬರೆಯುತ್ತಾರೆ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸೌಲಭ್ಯಗಳು ಸಿಗುತ್ತವೆ. ಇದು ಅಗತ್ಯವೇ, ತಪ್ಪೆನ್ನಲಾಗದು. ಆದರೆ ಅಳತೆಯೆಲ್ಲ ಅವನ ದೇಹದ್ದು. ಹೊಸ್ತಿಲನ್ನು ಅಳೆಯುವ, ಬಸ್ಸನ್ನು ಅಳೆಯುವ ನಮೂನೆ ಎಲ್ಲಿದೆ? ಆಲಿವರ್ ಒಮ್ಮೆ ಇದನ್ನೇ ಮಾಡಿ ತೋರಿಸಿದ್ದರು. ಬ್ರಿಟಿಷ್ ಸರಕಾರದ ಸಮೀಕ್ಷೆಯ ಪ್ರಶ್ನೆಗಳನ್ನು ತೆಗೆದುಕೊಂಡು ಒಂದೊಂದನ್ನೂ ತಿರುಗಿಸಿ ಬರೆದರು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, 'ನಿನ್ನ ಕಾಲಿನ ದೋಷದಿಂದ ಬಸ್ಸು ಹತ್ತಲು ಕಷ್ಟವಾಗುತ್ತದೆಯೇ' ಎಂಬ ಪ್ರಶ್ನೆಯನ್ನು 'ಬಸ್ಸಿನ ಯಾವ ದೋಷದಿಂದ ನಿನಗೆ ಹತ್ತಲಾಗುತ್ತಿಲ್ಲ' ಎಂದು ಕೇಳಿದ ಹಾಗೆ. ಕೇಳಿದ ಕೂಡಲೇ ಉತ್ತರ ಕೊಡಬೇಕಾದವರು ಬದಲಾಗುತ್ತಾರೆ.

ಒಂದು ಆಕ್ಷೇಪಣೆಯನ್ನೂ ಇಲ್ಲಿ ಹೇಳಿಬಿಡಬೇಕು. ಎಲ್ಲವೂ ಸಮಾಜದ್ದೇ ತಪ್ಪೆನ್ನುವುದು ಅತಿರೇಕ. ನಮ್ಮ ಈ ಕೂಲಿಯವನಿಗೆ ಊರಿನ ಮೆಟ್ಟಿಲೆಲ್ಲ ಇಳಿಜಾರಾದರೂ ಬೆನ್ನಿನ ಹುಣ್ಣು, ಮೂತ್ರದ ಸೋಂಕು, ರಾತ್ರಿಯ ನೋವು ಉಳಿದೇ ಇರುತ್ತವೆ. ಟಾಮ್ ಶೇಕ್ಸ್‌ಪಿಯರ್ ಎಂಬ ಚಿಂತಕರು, ಅವರೂ ಹುಟ್ಟಿನಿಂದಲೇ ವೈಕಲ್ಯವುಳ್ಳವರು, ಸಾಮಾಜಿಕ ಮಾದರಿ ದೇಹದ ನೋವನ್ನು ಮರೆಯುತ್ತದೆಂದು ಟೀಕಿಸಿದ್ದಾರೆ. ಅದು ನ್ಯಾಯವಾದ ಮಾತು. ಔಷಧ ಬೇಡವೆಂದು ಯಾರೂ ಹೇಳಬಾರದು. ಚಿಕಿತ್ಸೆ ಪಡೆಯಿರೆಂಬುದು ಪ್ರವಾದಿ(ಸ)ಯವರ ಆದೇಶವೇ ಆಗಿದೆ.

ಆದರೆ ಔಷಧವನ್ನು ಮಾತ್ರ ಕಾಯುತ್ತಾ ಕೂತರೆ ಏನಾಗುತ್ತದೆಂಬುದಕ್ಕೆ ನಮ್ಮ ಪಕ್ಕದ ಸಾಗರ ತಾಲೂಕಿನ ಹಂದಿಗೋಡು ಸಾಕ್ಷಿ. 1970ರ ದಶಕದ ಮಧ್ಯಭಾಗದಲ್ಲಿ ಆ ಹಳ್ಳಿಯ ಬಡ ದಲಿತ ಕುಟುಂಬಗಳಲ್ಲಿ ಸೊಂಟ, ಮಂಡಿಗಳು ಸವೆದು ನಡೆಯಲಾಗದ ಕಾಯಿಲೆ ಬೆಳಕಿಗೆ ಬಂತು. ನಮ್ಮ ಚಿಕ್ಕಮಗಳೂರು ಜಿಲ್ಲೆಯ ಕೆಲವು ಹಳ್ಳಿಗಳಲ್ಲೂ ಅದು ಕಂಡುಬಂತು. ಕೀಟನಾಶಕ ಸೇರಿದ ಗದ್ದೆಯ ಏಡಿ ತಿಂದದ್ದರಿಂದ ಬಂತೆಂದು ಮೊದಲು ಸಂಶಯಪಟ್ಟರು, ಆಮೇಲೆ ವಂಶವಾಹಿಯ ದೋಷವೆಂದು ಗೊತ್ತಾಯಿತು. ವಿಜ್ಞಾನಿಗಳು ಮತ್ತೆ ಮತ್ತೆ ಬಂದು ರಕ್ತ ತೆಗೆದರು, ಎಲುಬಿನ ಚಿತ್ರ ತೆಗೆದರು. ಸಂಶೋಧನೆ ಬೇಕಾದುದೇ. ಕಾಯಿಲೆಯನ್ನು ಬೇರುಸಹಿತ ತೆಗೆಯುವ ಮದ್ದು ಮಾತ್ರ ಸಿಗಲಿಲ್ಲ. ಗದ್ದೆಯಲ್ಲಿ ಬಗ್ಗಿ ನಾಟಿ ಮಾಡುವ ಕೂಲಿಯ ಹೊರತು ಬೇರೆ ದುಡಿಮೆಯಿಲ್ಲದವನಿಗೆ ಮಂಡಿ ಸವೆದರೆ ಅನ್ನವೂ ಹೋಗುತ್ತದೆ. ಕೂತು ಮಾಡುವ ಕೆಲಸವಿದ್ದವನಿಗೆ ಅದೇ ಮಂಡಿ ಅಷ್ಟು ದೊಡ್ಡ ಆಪತ್ತಾಗುವುದಿಲ್ಲ. ಮಂಡಿ ಒಂದೇ, ಬದುಕು ಎರಡು.

ಇದಕ್ಕೆ ಎದುರಾಗಿ ಗದಗವನ್ನು ನೋಡಿ. ಹುಟ್ಟುಕುರುಡರಾಗಿದ್ದ ಪಂಚಾಕ್ಷರ ಗವಾಯಿಗಳನ್ನು (1892-1944) ಹಾನಗಲ್ಲಿನ ಕುಮಾರಸ್ವಾಮಿಗಳು ಸಂಗೀತ ಕಲಿಸಲು ಕರೆದುಕೊಂಡರು. ಅವರು ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ಅನ್ನ ಮತ್ತು ವಿದ್ಯೆ ಕೊಟ್ಟರು. ಎಳೆತನದಲ್ಲೇ ಕಣ್ಣು ಕಳೆದುಕೊಂಡ ಪುಟ್ಟರಾಜ ಗವಾಯಿಗಳು (1914-2010) ಅದನ್ನು ಮುಂದುವರಿಸಿದರು. ಕೇಂದ್ರ ಸರಕಾರ ಅವರಿಗೆ ಪದ್ಮಭೂಷಣ ಕೊಟ್ಟಿತು. ಅಲ್ಲಿ ಓದಿದವರಲ್ಲಿ ಯಾರಿಗೂ ಕಣ್ಣು ಬರಲಿಲ್ಲ, ಕಛೇರಿ ನಡೆಸುವ ವಿದ್ವಾಂಸರು ಅನೇಕರು ಬಂದರು. ಬೇರೆ ಧರ್ಮದವರ ಮಠವೆಂದು ಈ ಉದಾಹರಣೆಗೆ ಮುಖ ತಿರುಗಿಸಬೇಕಾಗಿಲ್ಲ. ಒಳ್ಳೆಯದು ಎಲ್ಲಿದ್ದರೂ ಕಲಿಯತಕ್ಕದ್ದು.

ನಮ್ಮವರ ಉದಾಹರಣೆಯೇ ಬೇಕೆಂದರೆ ನೆಗೆವ್ ಮರುಭೂಮಿಯಲ್ಲಿ ಅಲ್ ಸಯ್ಯಿದ್ ಎಂಬ ಬದವೀ ಮುಸ್ಲಿಮರ ಹಳ್ಳಿಯಿದೆ. ಅಲ್ಲಿ ವಂಶಪಾರಂಪರ್ಯವಾಗಿ ಕಿವುಡುತನ ಬಂದಿದೆ. ಭಾಷಾವಿಜ್ಞಾನಿಗಳು ಅಧ್ಯಯನ ಮಾಡಿ 2005ರಲ್ಲಿ ಪ್ರಕಟಿಸಿದಾಗ ಸುಮಾರು 3500 ಜನರಲ್ಲಿ 150ರಷ್ಟು ಮಂದಿ ಕಿವುಡರಿದ್ದರು. ಆ ಊರಿನಲ್ಲಿ ತನ್ನಷ್ಟಕ್ಕೇ ಒಂದು ಸಂಜ್ಞಾಭಾಷೆ ಹುಟ್ಟಿಕೊಂಡಿತು. ವಿಶೇಷವೇನೆಂದರೆ ಕಿವಿ ಕೇಳುವವರೂ ಬಹಳ ಮಂದಿ ಅದನ್ನು ಬಲ್ಲರು. ಸಾಮಾನು ಕೊಳ್ಳುವಾಗ, ಜಗಳವಾಡುವಾಗ, ಹೆಣ್ಣು ಕೇಳುವಾಗ ಕಿವುಡನಿಗೆ ಮಾತೇ ತಡೆಯಾಗುವುದಿಲ್ಲ. ಕಿವಿ ಕೇಳದವನೊಬ್ಬ ಕಲಿಯಬೇಕಾದ ಭಾಷೆಯನ್ನು ಊರೆಲ್ಲ ಕಲಿತಿದೆ, ಅಷ್ಟೆ.

ನಮ್ಮ ಫಿಕ್ಹ್‌ಗೂ ಇದು ಹೊಸದಲ್ಲ. ಮೂಕನು ರೂಢಿಯಲ್ಲಿರುವ ಸಂಜ್ಞೆಯಿಂದ ತಿಳಿಸಿದ್ದು ನಾಲಿಗೆಯಿಂದ ಹೇಳಿದಷ್ಟೇ ಮಾನ್ಯವೆಂದು ಫುಕಹಾಗಳು ತತ್ತ್ವ ಹಾಕಿದ್ದರು. ಉಸ್ಮಾನಿಯಾ ಸಾಮ್ರಾಜ್ಯ 19ನೇ ಶತಮಾನದಲ್ಲಿ 'ಮಜಲ್ಲಾ' ಎಂಬ ಕಾನೂನು ಸಂಹಿತೆ ರಚಿಸಿದಾಗ ಈ ತತ್ತ್ವವನ್ನು ಅದರ ಪ್ರಾರಂಭದ ನಿಯಮಗಳಲ್ಲೇ ಸೇರಿಸಿತು. ಇಷ್ಟೆಲ್ಲ ಇದ್ದೂ ಶುಕ್ರವಾರದ ಖುತ್ಬಾದಲ್ಲಿ ಕಿವುಡನು ಇಮಾಮರ ಗಡ್ಡ ಅಲುಗುವುದನ್ನು ನೋಡುತ್ತಾ ಕೂರುತ್ತಾನೆ. ಕೇರಳದ ಮಲಪ್ಪುರಂ ಜಿಲ್ಲೆಯ ಪುಳಿಕ್ಕಲ್‌ನಲ್ಲಿ ಖುತ್ಬಾವನ್ನು ಸಂಜ್ಞಾಭಾಷೆಯಲ್ಲಿ ತೋರಿಸುವ ಮಸೀದಿ 2018ರಲ್ಲಿ ಪ್ರಾರಂಭವಾಯಿತು. ಮನಸ್ಸಿದ್ದರೆ ಆಗುವ ಕೆಲಸವೆಂದು ಅದರಿಂದ ತಿಳಿಯುತ್ತದೆ.

ಪದಗಳ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ಕನ್ನಡ ಮೇಷ್ಟ್ರಿಗೆ ಮನಸ್ಸಾಗುವುದಿಲ್ಲ. ಕುಂಟ, ಕುರುಡ ಎಂಬ ಪದಗಳು ಬೈಗುಳವಾದವೆಂದು 'ಅಂಗವಿಕಲ' ತಂದೆವು, ಅದೂ ಒರಟಾಯಿತೆಂದು 'ವಿಕಲಚೇತನ' ಎಂದೆವು. ಗೌರವ ಕೊಡುವ ಉದ್ದೇಶವೇ ಸರಿ. ಆದರೆ ಪದವನ್ನು ಬಿಡಿಸಿ ನೋಡಿ: ಮೊದಲು ಅಂಗ ಮಾತ್ರ ವಿಕಲವಾಗಿತ್ತು, ಈಗ ಚೇತನವೇ ವಿಕಲವಾಯಿತು! ಉರ್ದುವಿನಲ್ಲಿ ನಾವು ಬಳಸುವ 'ಮಾಝೂರ್' ಇದಕ್ಕಿಂತ ಅರ್ಥವತ್ತಾದ ಪದ. ಉಝ್ರ್ ಉಳ್ಳವನು, ಅಂದರೆ ವಿನಾಯಿತಿ ಪಡೆದವನು ಎಂದರ್ಥ. ನಿಲ್ಲಲಾಗದವನು ಕೂತು ನಮಾಝ್ ಮಾಡಲಿ, ಬರಲಾಗದವನು ಮನೆಯಲ್ಲಿ ಮಾಡಲಿ ಎಂಬ ವಿನಾಯಿತಿ ಅಲ್ಲಾಹನು ಅವನಿಗೆ ಕೊಟ್ಟ ಕೃಪೆ. ನಾವು ಅದನ್ನು ಎಳೆದು ನಮ್ಮ ವಿನಾಯಿತಿ ಮಾಡಿಕೊಂಡಿದ್ದೇವೆ. 'ಅವನು ಮಾಝೂರ್, ಮನೆಯಲ್ಲೇ ಓದಿಕೊಳ್ಳಲಿ' ಎಂದು ಮಸೀದಿ ಕಮಿಟಿ ಹೇಳಿದರೆ, ಬರದಿರಲು ಅವನಿಗಿದ್ದ ರಿಯಾಯಿತಿ ಬರಲು ದಾರಿ ಮಾಡದಿರುವ ನಮ್ಮ ಸಬೂಬಾಗುತ್ತದೆ.

ಮನೆಯೊಳಗಿನ ವಿಷಯ ಇನ್ನೂ ನೋವಿನದು. ಅಕ್ಕನ ಮದುವೆಯ ಮಾತುಕತೆಗೆ ಬಂದವರ ಕಣ್ಣಿಗೆ ಬೀಳದಂತೆ ತಂಗಿಯನ್ನು ಒಳಕೋಣೆಯಲ್ಲಿ ಕೂರಿಸಿ ಬಾಗಿಲು ಮುಂದೆ ಮಾಡುವ ಮನೆಗಳಿವೆ. ದಾವತ್ತಿನ ದಸ್ತರ್‌ಖಾನ್ ಹಾಸಿದಾಗ ಕೈ ನಡುಗುವ ಹುಡುಗನಿಗೆ ಅಡುಗೆಮನೆಯಲ್ಲಿ ತಟ್ಟೆ ಕೊಡುವುದಿದೆ. ಸೂರಃ ಅನ್ನೂರ್‌ನ 61ನೇ ವಚನ ಅಂಧರು, ಕುಂಟರು, ರೋಗಿಗಳು ಜೊತೆಯಾಗಿ ಉಣ್ಣುವುದರಲ್ಲಿ ಯಾವ ದೋಷವೂ ಇಲ್ಲವೆಂದು ಸಾರುತ್ತದೆ. ಅದಕ್ಕೆ ಮೊದಲು ಅರಬರಲ್ಲಿ ಅಂಥವರೊಂದಿಗೆ ಕೂತು ಉಣ್ಣಲು ಹೇಸುವವರಿದ್ದರೆಂದು ಕೆಲವು ವ್ಯಾಖ್ಯಾನಕಾರರು ಬರೆದಿದ್ದಾರೆ. ಒಂದು ತಟ್ಟೆಯ ಸುತ್ತ ಯಾರು ಕೂರಬೇಕೆಂಬುದಕ್ಕಾಗಿ ವಚನವೇ ಇಳಿದ ಮೇಲೆ ನಮ್ಮ ಅಡುಗೆಮನೆಯ ತಟ್ಟೆಗೆ ಏನು ಉತ್ತರವಿದೆ, ತಾಯಂದಿರೇ?

ಸದಕಾದ ವಿಷಯದಲ್ಲೂ ಆತ್ಮಪರಿಶೀಲನೆ ಬೇಕು. ಜುಮಾ ಮುಗಿದಾಗ ಮಸೀದಿಯ ಗೇಟಿನಲ್ಲಿ ಕೂತ ಕಾಲಿಲ್ಲದವನ ಬಟ್ಟಲಿಗೆ ನಾಣ್ಯ ಬೀಳುತ್ತದೆ. ಕೊಡುವುದು ಪುಣ್ಯವೇ. ಆದರೆ ಅವನೂ ಕಲಿಮಾ ಹೇಳಿದವನಲ್ಲವೇ, ಅವನ ಜುಮಾ ಎಲ್ಲಿ ಆಯಿತೆಂದು ಎಷ್ಟು ಮಂದಿ ಕೇಳಿದ್ದಾರೆ? ಅವನು ನಮಗೆ ಪುಣ್ಯ ಸಂಪಾದಿಸಿಕೊಡುವ ಒಂದು ಸಾಧನವಾಗಿ ಗೇಟಿನಲ್ಲೇ ಉಳಿದುಬಿಟ್ಟ. ಮಕ್ಕಾದ ಮುಫ್ತಿಯಾಗಿದ್ದ ಅತಾ ಇಬ್ನ್ ಅಬೀ ರಬಾಹ್ ಕುಂಟರು, ಒಂದು ಕಣ್ಣಿಲ್ಲದವರು, ಕೊನೆಗೆ ಪೂರ್ಣ ಅಂಧರಾದರು. ಹಜ್ಜ್‌ನ ಕಾಲದಲ್ಲಿ ಅವರ ಹೊರತು ಬೇರೆ ಯಾರೂ ಫತ್ವಾ ಕೊಡಬಾರದೆಂದು ಡಂಗುರ ಸಾರಿಸುತ್ತಿದ್ದರಂತೆ. ಅವರು ನಮ್ಮ ಊರಿನಲ್ಲಿ ಹುಟ್ಟಿದ್ದರೆ ಎಲ್ಲಿ ಕೂತಿರುತ್ತಿದ್ದರು?

ಕಾನೂನು ಈಗ ಹಕ್ಕಿನ ಭಾಷೆಯಲ್ಲಿ ಮಾತಾಡುತ್ತಿದೆ. ಅಲೀಗಢದಲ್ಲಿ ಹುಟ್ಟಿ ಗಾಲಿಕುರ್ಚಿಯಲ್ಲೇ ದೇಶ ಸುತ್ತಿದ ಜಾವೇದ್ ಆಬಿದಿ (1965-2018) ಮೊದಲಾದವರ ಹೋರಾಟದಿಂದ 1995ರ ಡಿಸೆಂಬರಿನಲ್ಲಿ ಸಂಸತ್ತು ಮೊದಲ ಅಂಗವಿಕಲರ ಕಾಯಿದೆ ಮಾಡಿತು. ಮತಗಟ್ಟೆಗಳಿಗೆ ಇಳಿಜಾರು ದಾರಿ ಬಂದುದರ ಹಿಂದೆಯೂ 2004ರಲ್ಲಿ ಆಬಿದಿಯವರು ಸುಪ್ರೀಂ ಕೋರ್ಟಿಗೆ ಒಯ್ದ ದೂರು ಇದೆ. 2016ರ ಹೊಸ ಕಾಯಿದೆ 7 ಬಗೆಯ ವೈಕಲ್ಯಗಳ ಜಾಗದಲ್ಲಿ 21ನ್ನು ಗುರುತಿಸಿತು. ದೇಹದ ಕೊರತೆ ಮತ್ತು ಹೊರಗಿನ ತಡೆ ಎರಡೂ ಸೇರಿದಾಗ ವೈಕಲ್ಯವಾಗುತ್ತದೆಂಬ ಅರ್ಥವನ್ನು ಅದರ ವ್ಯಾಖ್ಯೆಯಲ್ಲೇ ಇಟ್ಟಿತು. ಇತ್ಬಾನ್(ರ) ಹೇಳಿದ ಕಣ್ಣು ಮತ್ತು ಹಳ್ಳ! 2011ರ ಜನಗಣತಿಯಂತೆ ಕರ್ನಾಟಕದಲ್ಲಿ 13.24 ಲಕ್ಷ ಮಂದಿ ಇಂಥವರಿದ್ದರು. ಗ್ರಾಮ ಪಂಚಾಯಿತಿಯಲ್ಲಿ ಇವರಿಗಾಗಿಯೇ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೆಂಬವರಿರುತ್ತಾರೆ. ನಿಮ್ಮ ಮನೆಯಲ್ಲಿ ಅಗತ್ಯವಿರುವವರಿದ್ದರೆ ಅವರ ಹೆಸರು ವಿಚಾರಿಸಿ ಭೇಟಿಯಾಗಿ.

ಮಸೀದಿಗೆ ಗಾಲಿಕುರ್ಚಿ ತಂದರೆ ಚಕ್ರದ ನಜಾಸತ್ ಏನು ಮಾಡುವುದೆಂದು ಕೆಲವರು ಕೇಳುತ್ತಾರೆ. ಪಾದರಕ್ಷೆಗೆ ಅಂಟಿದ ಕೊಳೆ ಮಣ್ಣಿಗೆ ಉಜ್ಜಿದರೆ ಶುದ್ಧವಾಗುವುದೆಂಬ ಹದೀಸ್ ಅಬೂದಾವೂದ್‌ನಲ್ಲಿದೆ. ಚಕ್ರವನ್ನು ಒದ್ದೆ ಬಟ್ಟೆಯಿಂದ ಒರೆಸಲು ಎರಡು ನಿಮಿಷ ಸಾಕು. ಹೆಚ್ಚಿನ ವಿವರ ಬೇಕಾದವರು ತಮ್ಮ ಊರಿನ ಆಲಿಮರನ್ನು ಕೇಳಬಹುದು. ವುಝೂ ಮಾಡುವಲ್ಲಿ ಒಂದು ನಲ್ಲಿಯನ್ನು ಕುರ್ಚಿಯಲ್ಲಿ ಕೂತವನ ಕೈಗೆ ಸಿಗುವ ಎತ್ತರಕ್ಕೆ ಇಡಿಸುವುದು ಪ್ಲಂಬರನ ಅರ್ಧ ದಿನದ ಕೆಲಸ.

ಇಳಿಜಾರಿನ ಬಗ್ಗೆ ಮಾತ್ರ ಎಚ್ಚರ ಬೇಕು. ನಮ್ಮ ಕಡೆ ಕಟ್ಟುವುದು ಹೆಚ್ಚಾಗಿ ಬೈಕ್ ಹತ್ತಿಸುವ ಇಳಿಜಾರು. ಅದರಲ್ಲಿ ಗಾಲಿಕುರ್ಚಿ ಏರಿಸಿದರೆ ಹಿಂದಕ್ಕೆ ಮಗುಚುತ್ತದೆ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕೆಂಬುದು ಲೆಕ್ಕ. ಅರ್ಧ ಅಡಿಯ ಮೂರು ಮೆಟ್ಟಿಲಿದ್ದರೆ ಒಂದೂವರೆ ಅಡಿ ಎತ್ತರವಾಯಿತು, ಹದಿನೆಂಟು ಅಡಿ ಉದ್ದ ಹಾಕಬೇಕು. ಅಷ್ಟು ನೇರ ಜಾಗವಿಲ್ಲದಿದ್ದರೆ ನಡುವೆ ತಿರುವು ಕೊಡಬಹುದು, ಆದರೆ ತಿರುವಿನಲ್ಲಿ ಐದಡಿ ಚೌಕದ ಸಮತಟ್ಟು ಬಿಡಬೇಕು. ಎರಡೂ ಕಡೆ ಹಿಡಿಕಂಬಿ ಇರಲಿ. ಮೇಲೆ ಮಾರ್ಬಲ್ ಹಾಸಬೇಡಿ, ಮಳೆಯಲ್ಲಿ ಊರುಗೋಲು ಜಾರುತ್ತದೆ. ಗೀರು ಹಾಕಿದ ಒರಟು ಸಿಮೆಂಟೇ ಒಳ್ಳೆಯದು. ಕಟ್ಟುವ ಮೊದಲು ಗಾಲಿಕುರ್ಚಿಯಲ್ಲಿರುವ ಊರಿನವರೊಬ್ಬರನ್ನು ಮುತವಲ್ಲಿಗಳು ಕರೆಸಿ, ಎಲ್ಲಿಂದ ಶುರುವಾಗಬೇಕೆಂದು ಅವರನ್ನೇ ಕೇಳಿ ಗುರುತು ಹಾಕಿಸಲಿ.